ಏನೂ ಬೇಯಿಸದ ಬೆಂಕಿ

ಮಕ್ತುಂಸಾಬ ಹಿತ್ತಲದಾಗ ತುದಿಗಾಲಿಲೆ ಕುಂತು
ಟೇಪು ಹಿಡದು ಕೇಳತಾನ:
"ಅವ್ವಾರ, ಸಿಲಿಂಡರೋ, ಪೈಪೋ?
ಮೊದಲ ಅದನ್ನ ಹೇಳ್ರಿ.
ಪೈಪಿನ ಗ್ಯಾಸಿಗೆ ದೊಡ್ಡ ತೂತು,
ಸಿಲಿಂಡರಿಗೆ ಸೂಜಿ ಹೊಕ್ಕಷ್ಟು.
ಒಮ್ಮೆ ಕೊರದರ ಮುಗೀತು ನೋಡ್ರಿ."

ದುರ್ಗದಬೈಲಿನ ಹಿಂದ
ಮೂವತ್ತೊಂದು ವರ್ಷ ಖಾನಾವಳಿ ನಡಸಿದಾಕಿ ನಾ.
ನಿನಗ ಯಾವ ಬೆಂಕಿ ಬೇಕು ಅಂತ
ಇವತ್ತಿನ ತನಕ ಯಾರೂ ಕೇಳಿದ್ದಿಲ್ಲ.

ಮೊದಲಿನ ಒಲಿ ಕಟಗಿ ಹೊಟ್ಟಿಂದು.
ಡಬ್ಬಿ ನಡುವ ಬಾಟಲಿ ನಿಲ್ಲಿಸಿ
ಸುತ್ತಲೂ ಹೊಟ್ಟು ಗುದ್ದಿ ಗುದ್ದಿ ತುಂಬಿ
ಬಾಟಲಿ ಮೆಲ್ಲಕ ಎಳದರ
ಉಳದ ತೂತಿನ್ಯಾಗ ಉರಿ.
ಅಗ್ಗ ಇತ್ತು. ಅಷ್ಟ.
ಆಮ್ಯಾಲೆ ಸೀಮೆಎಣ್ಣಿ ಸ್ಟೋವು.
ಪಂಪು ಹೊಡದು ಹೊಡದು
ಬಲಗೈ ಎಡಗೈಗಿಂತ ದಪ್ಪಾತು,
ಬಳಿ ಅಳತಿ ಎರಡು ಹೇಳಬೇಕಾತು ಬಳೆಗಾರಗ.
ಆಮ್ಯಾಲೆ ನೀಲಿ ಸಿಲಿಂಡರು ಬಂತು.
ರೊಟ್ಟಿ ಬಡಿಯೂ ನೀಲವ್ವ ಅಂದಳು,
"ಹೊಗಿ ವಾಸನಿ ಇಲ್ಲದ ಊಟಕ್ಕ ಯಾರ ಬರತಾರ?"
ಎಲ್ಲಾರೂ ಬಂದರು.
ನೀಲವ್ವನ ಕೆಮ್ಮು ಮಾತ್ರ ಹೋಗಲಿಲ್ಲ.

ಈಗ ಉಣಕಲ್ಲಿನ ಈ ಸಣ್ಣ ಮನಿ.
ಪುಷ್ಯದಾಗ ಕೆರಿ ಕಡೆಯಿಂದ ಗಾಳಿ ಬಂದು
ಮೊಣಕಾಲ ಚಿಪ್ಪಿನ್ಯಾಗ ಕುಂದರತೈತಿ.
ಅದಕ್ಕ ಈ ಕಬ್ಬಿಣದ ಕುಣಿ, ಕರಿಕಲ್ಲು, ಎರಡು ಖುರ್ಚಿ.

ಗೋಡಿ ಆಚೆಯಿಂದ ಸುಧಾಬಾಯಿ:
"ಅದರ ಮ್ಯಾಲೆ ಏನ ಮಾಡ್ತೀರಿ?"
ಏನೂ ಇಲ್ಲ.
"ಚಹಾ?"
ಇಲ್ಲ.
"ಮೆಕ್ಕಿತೆನಿಯರೆ ಸುಡಬಹುದಲ್ಲಾ?"
ಸುಡೂದಿಲ್ಲ.
ಆಕಿ ಸುಮ್ಮನ ನಿಂತಳು,
ದೇವರ ಮುಂದಿನ ದೀಪಕ್ಕೂ
ಒಂದು ಕೆಲಸ ಅದ ಅನ್ನೂ ಹಂಗ.

ಮಕ್ತುಂಸಾಬ ಪಾಠ ಮುಂದುವರಿಸ್ಯಾನ.
"ಸಿಲಿಂಡರಿನ ಗ್ಯಾಸು ಭಾರ ರೀ.
ಸೋರಿದರ ಕುಣಿಯೊಳಗ ಇಳದು
ನೆಲಾ ಹಿಡದು ಕುಂದರತೈತಿ,
ಯಾರರೆ ಕಡ್ಡಿ ಗೀರೂ ತನಕ.
ಪೈಪಿಂದು ಹಗುರ. ಸೋರಿದರ ಮ್ಯಾಲೆ ಹಾರಿ ಹೋಗತೈತಿ."

ನಮ್ಮ ಮನಿಯವರ ಸಿಟ್ಟು ಪೈಪಿಂದು,
ಒಂದು ಕಿಟಕಿ ತೆರದರ ಸಾಕು.
ಅತ್ತಿದು ಮಾತ್ರ ಭಾರದ್ದು,
ಹದಿನಾರು ವರ್ಷ ನೆಲದಾಗ ಕುಂತಿತ್ತು,
ಒಂದು ಉಪ್ಪಿನಕಾಯಿ ಭರಣಿ ಒಡದ ದಿನಾ ಹತ್ತಿಕೊಂತು.
ನಾ ಯಾವ ಗ್ಯಾಸು ಅಂತ
ಮಕ್ತುಂಸಾಬನ್ನ ಕೇಳಲಿಲ್ಲ.

"ಪೈಪ ಹಾಕಸ್ರಿ, ಅವ್ವಾರ. ಎಂದೂ ಮುಗಿಯೂದಿಲ್ಲ.
ಅಡಗಿಮನಿ ಮೀಟರಿನಿಂದ ಎಳದು
ಕರಿಬೇವಿನ ಬುಡದಾಗ ಹಾಯಿಸಿ ತಂದರ ಆತು."

ಅಡಗಿಮನಿ ಮೀಟರಿಗೆ ಕೂಡಿಸಿದರ
ಇದೂ ಅಡಗಿಮನಿ ಬೆಂಕಿನ ಆಗತೈತಿ, ತಮ್ಮಾ.
ಮುಗಿಯದ ಬೆಂಕಿ ನಾ ಕಂಡೀನಿ.
ನಸುಕಿನ್ಯಾಗ ಹಚ್ಚಿದ್ದು ಸರುವೊತ್ತಿನ ತನಕ,
ಇನ್ನೊಬ್ಬ ಬಾಗಿಲದಾಗ ನಿಂತು
ಊಟ ಐತೇನ್ರಿ ಅನ್ನೂ ತನಕ,
ಐತಿ ಬಾರಪ್ಪಾ ಅನ್ನೂ ತನಕ.
ಸಿಲಿಂಡರ ಇರಲಿ.
ರೊಕ್ಕ ಹೆಚ್ಚ ಹೋದರ ಹೋಗಲಿ.
ಮಾತಿನ ನಡುವ ಒಮ್ಮೆ ಪುಸ್ ಅಂದು ಆರಲಿ.
ಮುಗೀತು, ಏಳ್ರಿ ಅಂತ
ನನ್ನ ಬದಲಿ ಅದ ಹೇಳಲಿ.
ಕೆಳಗ ಮಾತ್ರ ಎರಡೂ ಕಡೆ ಕಿಂಡಿ ಬಿಡು.
ಯಾವುದಕ್ಕೂ ಅಲ್ಲಿ ಕುಂದರಾಕ ಜಾಗಾ ಕೊಡಬ್ಯಾಡ.

ಮೊದಲ ರಾತ್ರಿ ಉರಿ ಹಳದಿ ಎದ್ದಿತು.
ಹಳದಿ ಕಂಡರ ಬರ್ನರ ಬಿಚ್ಚಿ
ಪಿನ್ನು ಹಾಕಿ ತಿಕ್ಕಿದಾಕಿ ನಾ, ಎದ್ದ ನಿಂತೆ.
ಮಕ್ತುಂಸಾಬ ನಕ್ಕ.
"ಇಲ್ಲಿ ಹಳದೀನ ಇರಬೇಕ್ರಿ.
ಕಪ್ಪಾಗಾಕ ಪಾತೇಲಿ ಎಲ್ಲೈತಿ?"

ಸುಧಾಬಾಯಿ ಬಂದಳು.
ಸೆರಗಿನ್ಯಾಗ ಮುಚ್ಚಿಕೊಂಡ ಮೆಕ್ಕಿತೆನಿ ನೋಡಿದೆ,
ನೋಡದವರ ಹಂಗ ಕುಂದರ್ರಿ ಅಂದೆ.
ಬಹಳೊತ್ತು ಯಾರೂ ಮಾತಾಡಲಿಲ್ಲ.
ನನ್ನ ಬಲಗೈ ಮಾತ್ರ ಎರಡು ಸಲ
ತಾನ ಮುಂದ ಹೋಗಿ
ಉರಿ ಸಣ್ಣ ಮಾಡೂ ಕಿವಿ ಹುಡುಕಿತು.
ಏನೂ ಸೀಯಾಕತ್ತಿಲ್ಲ ಅಂತ
ಅದಕ್ಕ ಹೇಳಿದೆ.